ಬಿದ್ದ ಮೇಲೆ 5 ಲಕ್ಷ, ಬೀಳುವ ಮೊದಲು ಏನು? ವಯಸ್ಸಾದವರ ನಿತ್ರಾಣದ ಬಗ್ಗೆ ಮಾತಾಡೋಣ

ಕೇಶ್ವಾಪುರದ ಮಗಳು

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಆಗುತ್ತದೆ, ಸಮಾಧಾನದಿಂದ ಓದಿ.

ಸಂಕ್ರಾಂತಿ ಆಗಿ ಮೂರನೇ ದಿನ ರಾತ್ರಿ ನಮ್ಮ ಅವ್ವ ಬಚ್ಚಲಿಗೆ ಹೋಗಲು ಎದ್ದವಳು ಹೊಸ್ತಿಲ ಹತ್ತಿರ ಬಿದ್ದಳು. 74 ವಯಸ್ಸು. ತೊಡೆಯ ಎಲುಬು ಟೊಂಕದ ಹತ್ತಿರ ಮುರಿಯಿತು. ನಮ್ಮದು ಬಿಪಿಎಲ್ ಕಾರ್ಡಿನ ಮನೆ. ಹಾಗಾಗಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಆಪರೇಷನ್ ಆಯಿತು, ಕೈಯಿಂದ ದೊಡ್ಡ ಖರ್ಚು ಬರಲಿಲ್ಲ. ಆ ಯೋಜನೆ ಇಲ್ಲದಿದ್ದರೆ ಇದ್ದ ಬಂಗಾರ ಅಡ ಇಡಬೇಕಾಗಿತ್ತು. ಅದಕ್ಕೆ ನಾನು ನಿಜವಾಗಿ ಋಣಿ.

ಆದರೆ ಮನೆಗೆ ಬಂದ ಮೇಲೆ ಒಂದು ವಿಚಾರ ತಲೆ ಕೊರೆಯುತ್ತಿದೆ. ಅವ್ವ ಬಿದ್ದದ್ದು ಒಂದು ರಾತ್ರಿ, ಬೀಳಲು ಶುರು ಮಾಡಿದ್ದು ಒಂದು ವರ್ಷದ ಹಿಂದೆ. ಈಗ ಹಿಂತಿರುಗಿ ನೋಡಿದರೆ ಎಲ್ಲ ಕಾಣುತ್ತದೆ. ಮೊದಲು ಬಳೆ ಸಡಿಲ ಆದವು. ಮಣಿಕಟ್ಟಿನ ಬಳೆ ಮೊಣಕೈ ತನಕ ಜಾರುತ್ತಿದ್ದವು, ನಾವು ನೋಡಿ ಸುಮ್ಮನಾದೆವು. ಆಮೇಲೆ ರೊಟ್ಟಿ ಬಿಟ್ಟಳು, ಎರಡು ಹೊತ್ತೂ ಅನ್ನ ಮಜ್ಜಿಗೆ. ಸೋಮವಾರದ ಭಜನೆಗೆ ಹೋಗುವುದು ನಿಂತಿತು. ಅಡುಗೆ ಮನೆಯಿಂದ ಪಡಸಾಲೆಗೆ ಬರುವಾಗ ಗೋಡೆಗೆ ಕೈ ಹಚ್ಚಿಕೊಂಡು ಬರುತ್ತಿದ್ದಳು. ಕೇಳಿದರೆ "ಮೈಯಾಗ ತ್ರಾಣಿಲ್ಲವ್ವಾ, ವಯಸ್ಸಾತಲ್ಲ" ಅನ್ನುತ್ತಿದ್ದಳು. ನಾವೂ ಹೌದು ಅಂದುಕೊಂಡೆವು.

ಆ ವರ್ಷ ಅವಳನ್ನು ನಾನು ಒಂಬತ್ತು ಸಲ ದವಾಖಾನೆಗೆ ಕರೆದುಕೊಂಡು ಹೋಗಿದ್ದೇನೆ, ಚೀಟಿ ಎಲ್ಲ ಇಟ್ಟಿದ್ದೇನೆ. ಪ್ರತಿ ಸಲ ಬಿಪಿ ನೋಡಿದರು, ಶುಗರ್ ನೋಡಿದರು. ಒಬ್ಬರೂ ಅವಳು ನಡೆಯುವುದನ್ನು ನೋಡಲಿಲ್ಲ. ಹೇಗೆ ನೋಡುತ್ತಾರೆ, ಅವಳು ಸ್ಟೂಲ್ ಮೇಲೆ ಕೂತ ಮೇಲೆ ತಾನೇ ಡಾಕ್ಟರ್ ತಲೆ ಎತ್ತುವುದು? ಯಾರನ್ನೂ ಬೈಯಲು ಇದನ್ನು ಬರೆಯುತ್ತಿಲ್ಲ. ಹೊರಗೆ ನೂರು ಜನ ಕಾಯುತ್ತಿರುತ್ತಾರೆ, ನನಗೂ ಗೊತ್ತು.

ಆಪರೇಷನ್ ಆದ ಮೇಲೆ ಓದಲು ಕೂತೆ. ಇದಕ್ಕೆ ವೈದ್ಯರು ಫ್ರೇಲ್ಟಿ ಅನ್ನುತ್ತಾರಂತೆ. ನಮ್ಮ ಕಡೆ ನಿತ್ರಾಣ ಅನ್ನುತ್ತೇವಲ್ಲ, ಅದೇ. ನಮ್ಮ ದೇಶದಲ್ಲಿ ವಯಸ್ಸಾದವರ ಆರೋಗ್ಯಕ್ಕೇ ಅಂತ ಒಂದು ರಾಷ್ಟ್ರೀಯ ಕಾರ್ಯಕ್ರಮ 2010-11ರಿಂದಲೇ ಇದೆ. ಜಿಲ್ಲಾ ಆಸ್ಪತ್ರೆಯಲ್ಲಿ 10 ಹಾಸಿಗೆಯ ವಾರ್ಡ್, ಪಿಎಚ್‌ಸಿಯಲ್ಲಿ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ವಾರಕ್ಕೊಂದು ದಿನ ವಯಸ್ಸಾದವರ ಕ್ಲಿನಿಕ್, ನಡೆಯಲು ಆಗದವರ ಮನೆಗೇ ಬಂದು ನೋಡುವುದು, ಇಷ್ಟೂ ಅದರಲ್ಲಿ ಬರೆದಿದೆ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ 70 ದಾಟಿದ ಎಲ್ಲರಿಗೂ, ಆದಾಯ ನೋಡದೆ, ವರ್ಷಕ್ಕೆ 5 ಲಕ್ಷದ ವಿಮೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಆದರೆ ಆ ವಿಮೆ ಅಡ್ಮಿಟ್ ಆದವರಿಗೆ. ಅವ್ವನ ಎಲುಬು ಮುರಿದರೆ ದುಡ್ಡು ಇದೆ, ಮುರಿಯದ ಹಾಗೆ ನೋಡಿಕೊಳ್ಳಲು ಇಲ್ಲ. ಈಗ ಮನೆಗೆ ಬರುವ ಫಿಸಿಯೋಗೆ ದಿನಕ್ಕೆ 500 ರೂಪಾಯಿ ನಮ್ಮ ಕೈಯಿಂದಲೇ ಹೋಗುತ್ತಿದೆ.

ನನ್ನ ಪ್ರಶ್ನೆ ಇಷ್ಟೇ. ಬೀಳುವ ಮೊದಲ ಆ ಒಂದು ವರ್ಷದಲ್ಲಿ ಸರಕಾರ ಏನು ಮಾಡಬಹುದು? ನಿಮ್ಮ ಊರಲ್ಲಿ ಏನು ನಡೆಯುತ್ತಿದೆ? ಹೇಳಿ.

ಬ್ಯಾಡಗಿ ರೈತ

ಅಕ್ಕಾ, ಆ ಬಳೆಯ ಮಾತು ಓದಿ ಎದೆ ಧಸಕ್ ಅಂತು. ನಮ್ಮಪ್ಪನದು ಪಂಜೆ. ಉಡಿದಾರ ಎರಡು ಸಲ ಬಿಗಿ ಮಾಡಿ ಕಟ್ಟಿದೆವು, ತೆಳ್ಳಗಾಗಿದ್ದಾನೆ ಅಂತ ಮಾತ್ರ ಅಂದುಕೊಂಡೆವು.

ನಮ್ಮಲ್ಲಿ ಮೂಲ ಸಿಕ್ಕಿದ್ದು ಹಲ್ಲಿನಲ್ಲಿ. ಮೇಲಿನ ಹಲ್ಲು ಪೂರ್ತಿ ಹೋಗಿದ್ದವು. ಕಟಕ್ ರೊಟ್ಟಿ ಇರಲಿ, ಬಿಸಿ ರೊಟ್ಟಿಯನ್ನೂ ಹಾಲಿನಲ್ಲಿ ನೆನೆಸಿ ತಿನ್ನುತ್ತಿದ್ದ. ಕಾಳಿನ ಪಲ್ಯ ಬದಿಗೆ ತಳ್ಳುತ್ತಿದ್ದ. ಬರೀ ಗಂಜಿ, ಚಹಾ, ಬಿಸ್ಕಿಟು. ಹೀಗೆ ತಿಂದರೆ ತೋಳಿನಲ್ಲಿ ಶಕ್ತಿ ಎಲ್ಲಿಂದ ಬರಬೇಕು? ಬಿಪಿಎಲ್ ಮನೆಯ ಹಿರಿಯರಿಗೆ ಉಚಿತ ಹಲ್ಲಿನ ಸೆಟ್ ಕೊಡುವ ದಂತ ಭಾಗ್ಯ ಅನ್ನುವ ಯೋಜನೆ ನಮ್ಮ ರಾಜ್ಯದಲ್ಲಿದೆ ಅಂತ ನನಗೆ ಹೇಳಿದ್ದು ಪಕ್ಕದ ಹೊಲದವರು. ಸೆಟ್ ಹಾಕಿಸಿದ ಮೇಲೆ ರೂಢಿ ಆಗಲು ಎರಡು ತಿಂಗಳು ಬೇಕಾಯಿತು, ನಡುವೆ ತೆಗೆದು ಗೂಡಿನಲ್ಲಿ ಇಟ್ಟುಬಿಟ್ಟಿದ್ದ. ಈಗ ಜುಣಕ, ಹೆಸರುಕಾಳು, ಶೇಂಗಾ ಹಿಂಡಿ ಎಲ್ಲ ತಿನ್ನುತ್ತಾನೆ. ಪೇಟೆಗೆ ತಾನೇ ಹೋಗಿ ಬರುತ್ತಾನೆ.

ಹಲ್ಲು ಹಾಕಿಸುವುದೂ ಕಾಲು ಗಟ್ಟಿ ಮಾಡುವ ಕೆಲಸವೇ ಅಂತ ಯಾರೂ ನಮಗೆ ಹೇಳಿರಲಿಲ್ಲ.

ಧಾರವಾಡ ಫಿಸಿಯೋ

ನಾನು ಇದೇ ಕೆಲಸದಲ್ಲಿರುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಕ್ಕ ಬರೆದದ್ದರಲ್ಲಿ ಇಡೀ ಪಾಠವೇ ಇದೆ. 2001ರಲ್ಲಿ ಅಮೆರಿಕದ ಲಿಂಡಾ ಫ್ರೈಡ್ ಮತ್ತು ಜೊತೆಯವರು ನಿತ್ರಾಣ ಗುರುತಿಸಲು ಐದು ಗುರುತು ಕೊಟ್ಟರು. ಪ್ರಯತ್ನ ಮಾಡದೆಯೇ ತೂಕ ಇಳಿಯುವುದು, ಸದಾ ಸುಸ್ತು, ಕೈ ಹಿಡಿತ ಸಡಿಲ ಆಗುವುದು, ನಡಿಗೆ ನಿಧಾನ, ಓಡಾಟ ಕಡಿಮೆ. ಮೂರು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ನಿತ್ರಾಣ. ಒಂದೋ ಎರಡೋ ಇದ್ದರೆ ಅದರ ಹಿಂದಿನ ಮೆಟ್ಟಿಲು. ಬಳೆ ಸಡಿಲ, ತ್ರಾಣ ಇಲ್ಲ, ಗೋಡೆ ಹಿಡಿದು ನಡೆಯುವುದು, ಭಜನೆ ಬಿಟ್ಟದ್ದು. ನೀವೇ ಎಣಿಸಿ ನೋಡಿ. ಆ ಹಿಂದಿನ ಮೆಟ್ಟಿಲಿನಲ್ಲಿ ಹಿಡಿದರೆ ಬಹಳ ಜನ ವಾಪಸ್ ಬರುತ್ತಾರೆ, ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅಳೆಯಲು ಮಷೀನ್ ಏನೂ ಬೇಡ. ನೆಲದ ಮೇಲೆ 4 ಮೀಟರ್ ಗೆರೆ ಎಳೆಯಿರಿ, ದಿನಾ ನಡೆಯುವ ಹಾಗೇ ನಡೆಯಲು ಹೇಳಿ. 5 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಎಚ್ಚರ. ಇನ್ನೊಂದು, ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರುವುದು. 12 ಸೆಕೆಂಡ್ ಅಥವಾ ಜಾಸ್ತಿ ಆದರೆ ಬೀಳುವ ಭಯ ಇದೆ ಅಂತ ಅರ್ಥ. ಇಷ್ಟಕ್ಕೆ ಮೊಬೈಲಿನ ಗಡಿಯಾರ ಸಾಕು.

ಇನ್ನು ಚಿಕಿತ್ಸೆ. ಅಮೆರಿಕದಲ್ಲಿ 70ರಿಂದ 89 ವಯಸ್ಸಿನ 1,635 ಜನರ ಮೇಲೆ ಒಂದು ದೊಡ್ಡ ಪ್ರಯೋಗ ಮಾಡಿ 2014ರಲ್ಲಿ ಫಲಿತಾಂಶ ಹೊರಗೆ ಬಿಟ್ಟರು, ಲೈಫ್ ಅಂತ ಅದರ ಹೆಸರು. ಅರ್ಧ ಜನರಿಗೆ ನಡಿಗೆ, ಕಾಲಿಗೆ ತೂಕ ಕಟ್ಟಿ ವ್ಯಾಯಾಮ, ಸಮತೋಲನದ ಅಭ್ಯಾಸ. ಉಳಿದರ್ಧ ಜನರಿಗೆ ಆರೋಗ್ಯದ ಬಗ್ಗೆ ತರಗತಿ. ಸರಾಸರಿ ಎರಡೂವರೆ ವರ್ಷ ಕಳೆದ ಮೇಲೆ ನೋಡಿದರೆ 400 ಮೀಟರ್ ನಡೆಯುವ ಶಕ್ತಿ ಕಳೆದುಕೊಂಡವರು ತರಗತಿಯ ಗುಂಪಿನಲ್ಲಿ 35.5%, ವ್ಯಾಯಾಮದ ಗುಂಪಿನಲ್ಲಿ 30.1%. ನೂರಕ್ಕೆ ಐದು ಜನ ಅಂದರೆ ಕಡಿಮೆ ಅನಿಸಬಹುದು, ಆ ಐದು ಜನರ ಮನೆಯವರನ್ನು ಕೇಳಿ. ನಮ್ಮಲ್ಲಿ ಹಿರಿಯರಿಗೆ ಶಿಬಿರ ಅಂದರೆ ಶಾಲು, ಭಾಷಣ, ಒಂದು ಬಾಳೆಹಣ್ಣು. ಕಾಲು ಎತ್ತಿಸುವವರು ಯಾರೂ ಇಲ್ಲ. ತಾಲೂಕಿಗೆ ಇಬ್ಬರು ಫಿಸಿಯೋ ಹೆಚ್ಚಿಗೆ ಕೊಟ್ಟು, ವಾರದಲ್ಲಿ ಒಂದೊಂದು ದಿನ ಒಂದೊಂದು ಪಿಎಚ್‌ಸಿಗೆ ಕಳಿಸಿದರೆ ಎಷ್ಟೋ ಕೆಲಸ ಆಗುತ್ತದೆ.

ರಾಣೆಬೆನ್ನೂರು ಓದುಗ

ನನಗೆ ಇದರಲ್ಲಿ ಒಂದು ಭಯ ಇದೆ, ಹೇಳಿಬಿಡುತ್ತೇನೆ. ಎಲ್ಲ ಹಿರಿಯರನ್ನೂ ಸಾಲಾಗಿ ನಿಲ್ಲಿಸಿ ಇವರು ನಿತ್ರಾಣ, ಇವರು ಗಟ್ಟಿ ಅಂತ ಚೀಟಿ ಅಂಟಿಸುವುದು ನನಗೆ ಒಪ್ಪಿಗೆ ಇಲ್ಲ.

ಬ್ರಿಟನ್ನಿನಲ್ಲಿ ಏನಾಯಿತು ನೋಡಿ. ಕೆನಡಾದ ಕೆನೆತ್ ರಾಕ್‌ವುಡ್ ಮಾಡಿದ ನಿತ್ರಾಣದ ಒಂದು ಅಳತೆ ಇದೆ, 1ರಿಂದ 9ರ ತನಕ ಅಂಕ. ಒಳ್ಳೆಯ ಉದ್ದೇಶಕ್ಕೇ ಮಾಡಿದ್ದು. 2020ರ ಮಾರ್ಚಿನಲ್ಲಿ ಕೋವಿಡ್ ಬಂದಾಗ ಯಾರಿಗೆ ಐಸಿಯು ಕೊಡಬೇಕು ಅಂತ ತೀರ್ಮಾನ ಮಾಡಲು ಅದೇ ಅಂಕ ನೋಡಿ ಅಂತ ಅಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆ ಸೂಚನೆ ಕೊಟ್ಟಿತು. ಅಂಗವಿಕಲರ ಕುಟುಂಬದವರು ಗಲಾಟೆ ಎಬ್ಬಿಸಿದ ಮೇಲೆ ಕೆಲವೇ ದಿನದಲ್ಲಿ ತಿದ್ದಿದರು. ಸಹಾಯ ಮಾಡಲು ಕೊಟ್ಟ ಅಂಕ ಹಾಸಿಗೆ ತಪ್ಪಿಸಲು ಬಳಕೆ ಆಗಬಹುದು, ಅಷ್ಟೇ ನನ್ನ ಮಾತು. ಅದೂ ಅಲ್ಲದೆ ವೃದ್ಧರ ವೈದ್ಯರ ಅಲ್ಲಿನ ಸಂಘ 2014ರಲ್ಲೇ ಹೇಳಿತ್ತು, ಊರಿಗೆ ಊರೇ ಸ್ಕ್ರೀನಿಂಗ್ ಮಾಡಬೇಡಿ, ಹಿರಿಯರು ಯಾವ ಕಾರಣಕ್ಕೆ ನಿಮ್ಮ ಮುಂದೆ ಬಂದರೂ ಆಗ ಗಮನಿಸಿ ಅಂತ.

ಗುರುತಿಸಿದ ಮೇಲೆ ಕೊಡಲು ಏನೂ ಇಲ್ಲದಿದ್ದರೆ ಗುರುತಿಸುವುದೇ ಅನ್ಯಾಯ. ನಿತ್ರಾಣ ಅಂತ ಬರೆದು ಕೈಗೆ ಕೊಟ್ಟು ಕಳಿಸಿದರೆ ಆ ಮುದುಕಿ ಮನೆಗೆ ಹೋಗಿ ಇನ್ನೂ ಕುಗ್ಗುತ್ತಾಳೆ.

ಧಾರವಾಡ ಫಿಸಿಯೋ

ಅಣ್ಣಾ, ಕೊನೆಯ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ಆದರೆ ಅದೇ ಇಂಗ್ಲೆಂಡಿನಲ್ಲಿ 2017ರ ಜುಲೈಯಿಂದ ಕುಟುಂಬ ವೈದ್ಯರ ಕರಾರಿನಲ್ಲೇ ಇದನ್ನು ಸೇರಿಸಿದ್ದಾರೆ. 65 ದಾಟಿದವರಲ್ಲಿ ಯಾರು ತುಂಬ ಸೋತಿದ್ದಾರೆ ಅಂತ ಕಂಪ್ಯೂಟರಿನಲ್ಲಿರುವ ಹಳೆಯ ದಾಖಲೆಯಿಂದಲೇ ಹುಡುಕುತ್ತಾರೆ, ಯಾರನ್ನೂ ಸಾಲಲ್ಲಿ ನಿಲ್ಲಿಸುವುದಿಲ್ಲ. ಹಾಗೆ ಸಿಕ್ಕವರಿಗೆ ವರ್ಷಕ್ಕೊಮ್ಮೆ ಮಾತ್ರೆಗಳನ್ನೆಲ್ಲ ಮತ್ತೆ ಪರಿಶೀಲಿಸಬೇಕು, ಬಿದ್ದಿದ್ದೀರಾ ಅಂತ ಕೇಳಬೇಕು. ಗುರುತಿನ ಹಿಂದೆಯೇ ಒಂದು ಕೆಲಸ ಕಟ್ಟಿದ್ದಾರೆ. ನಮಗೂ ಹಾಗೆ ಆಗಬೇಕು.

ಲಕ್ಷ್ಮೇಶ್ವರ ಔಷಧಿ ಅಂಗಡಿ

ಮಾತ್ರೆ ಅಂದ ಕೂಡಲೇ ಬರೆಯಬೇಕು ಅನಿಸಿತು. ನನ್ನ ಅಂಗಡಿಗೆ ಬರುವ ಅಜ್ಜಂದಿರ ಕೈಯಲ್ಲಿ ಮೂರು ಮೂರು ಡಾಕ್ಟರ ಚೀಟಿ ಇರುತ್ತವೆ. ಹೃದಯಕ್ಕೆ ಒಬ್ಬರು, ಶುಗರಿಗೆ ಒಬ್ಬರು, ಮೊಣಕಾಲಿಗೆ ಒಬ್ಬರು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ನಿದ್ದೆ ಮಾತ್ರೆ ವರ್ಷಗಟ್ಟಲೆ ನಡೆದಿರುತ್ತದೆ. ರಾತ್ರಿ ಮೂತ್ರಕ್ಕೆ ಎದ್ದಾಗ ಬಿಪಿ ಒಮ್ಮೆಲೇ ಇಳಿದು ತಲೆ ತಿರುಗುತ್ತದೆ, ಜೊತೆಗೆ ನಿದ್ದೆ ಮಾತ್ರೆಯ ಮಂಪರು. ಬೀಳದೆ ಏನು ಮಾಡುತ್ತಾರೆ?

ಯಾರೂ ತಮ್ಮಷ್ಟಕ್ಕೆ ತಾವೇ ಮಾತ್ರೆ ನಿಲ್ಲಿಸಬೇಡಿ, ಕೆಲವು ಒಮ್ಮೆಲೇ ಬಿಟ್ಟರೆ ಅಪಾಯ. ಎಲ್ಲ ಮಾತ್ರೆಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಒಬ್ಬ ಡಾಕ್ಟರ ಮುಂದೆ ಸುರಿಯಿರಿ. ಬಿಪಿಯನ್ನು ಕೂತಾಗ ಒಮ್ಮೆ, ನಿಂತ ಮೇಲೆ ಒಮ್ಮೆ ನೋಡಿ ಅಂತ ಕೇಳಿ.

ಬೆಟಗೇರಿ ಆಶಾ

ಎಲ್ಲರೂ ಡಾಕ್ಟರರ ಬಗ್ಗೆ ಬರೆದಿರಿ, ನಾನು ಮನೆ ಮನೆಗೆ ಹೋಗುವವಳು, ನನ್ನದೂ ಕೇಳಿ.

ಬಿಪಿ, ಶುಗರಿನಂಥ ಕಾಯಿಲೆಯ ಅಪಾಯ ಯಾರಿಗಿದೆ ಅಂತ ಕೇಳಿ ಬರೆದುಕೊಳ್ಳಲು ನಮಗೆ ಸಿಬ್ಯಾಕ್ ಅಂತ ಒಂದು ಫಾರಂ ಇದೆ. 30 ದಾಟಿದ ಎಲ್ಲರಿಗೂ ತುಂಬಬೇಕು. ಅದರಲ್ಲಿ 60 ದಾಟಿದವರಿಗೆ ಬೇರೆಯೇ ಪ್ರಶ್ನೆಗಳಿವೆ. ನಿಲ್ಲುವಾಗ, ನಡೆಯುವಾಗ ತೂರಾಡಿದ ಹಾಗೆ ಆಗುತ್ತದಾ? ಓಡಾಡಲು ಅಡ್ಡಿ ಮಾಡುವ ಅಂಗವೈಕಲ್ಯ ಇದೆಯಾ? ಉಣ್ಣಲು, ಬಟ್ಟೆ ಹಾಕಿಕೊಳ್ಳಲು, ಸ್ನಾನಕ್ಕೆ, ಪಾಯಖಾನೆಗೆ ಬೇರೆಯವರ ಸಹಾಯ ಬೇಕಾ? ಹತ್ತಿರದವರ ಹೆಸರು, ಮನೆ ವಿಳಾಸ ಮರೆಯುತ್ತೀರಾ? ಹೀಗೆ. ಅಂದರೆ ನೀವೆಲ್ಲ ಕೇಳಬೇಕು ಅನ್ನುತ್ತಿರುವ ಪ್ರಶ್ನೆ ಆಗಲೇ ನಮ್ಮ ಕೈಯಲ್ಲಿದೆ ರೀ.

ಮಗ್ಗದ ಓಣಿಗಳಲ್ಲಿ ನನಗೆ ಹೌದು ಅಂತ ಉತ್ತರ ಕೊಟ್ಟವರು ಬಹಳ ಜನ. ನಲವತ್ತು ವರ್ಷ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯ್ದವರು, ಈಗ ಏಳಲು ಕೈ ಕೊಡಬೇಕು. ನಾನು ಟಿಕ್ ಹಾಕಿದೆ. ಆಮೇಲೆ? ಬಿಪಿ ಜಾಸ್ತಿ ಇದ್ದರೆ ಎಲ್ಲಿಗೆ ಕಳಿಸಬೇಕು ಗೊತ್ತು, ಮಾತ್ರೆ ಸಿಗುತ್ತದೆ. ಶುಗರಿಗೂ ಹಾಗೇ. ಗರ್ಭಿಣಿಗೆ ತಾಯಿ ಕಾರ್ಡ್ ಇದೆ, ಎಷ್ಟನೇ ತಿಂಗಳಲ್ಲಿ ಏನು ಮಾಡಬೇಕು ಅಂತ ಎಲ್ಲ ಅದರಲ್ಲೇ ಇದೆ. ತೂರಾಡುತ್ತೇನೆ ಅಂದ ಅಜ್ಜಿಯನ್ನು ಯಾರ ಹತ್ತಿರ ಕಳಿಸಲಿ? ಕಳಿಸಿದರೂ ಅವಳು ಹೇಗೆ ಹೋಗುತ್ತಾಳೆ? ನಡೆಯಲು ಬರದವಳಿಗೆ ನಡೆದು ಬಾ ಅನ್ನುವುದೇ?

ಇನ್ನೊಂದು ಮಾತು. ಹೊಸ ಕೆಲಸ ಬಂದಾಗಲೆಲ್ಲ ಆಶಾ ಮಾಡುತ್ತಾಳೆ ಅಂತ ಬರೆದುಬಿಡುತ್ತಾರೆ. ಸಾವಿರ ಜನರಿಗೆ ಒಬ್ಬಳು ಅಂತ ಲೆಕ್ಕ. ಬಾಣಂತಿ, ಲಸಿಕೆ, ಕ್ಷಯ, ಸರ್ವೆ, ಎಲ್ಲದಕ್ಕೂ ನಾವೇ. ನಾನು ಖುಷಿಯಿಂದ ಮಾಡುತ್ತೇನೆ, ಮುದುಕರು ನನ್ನ ಕೈ ಹಿಡಿದು ಕೂರಿಸಿಕೊಳ್ಳುತ್ತಾರೆ. ಆದರೆ ಅದಕ್ಕೆ ಹೊತ್ತು ಬೇಕು, ಆ ಹೊತ್ತಿಗೆ ಕೂಲಿ ಬೇಕು.

ಕೇಶ್ವಾಪುರದ ಮಗಳು

ಆಶಾ ಅಕ್ಕಾ, ನಿಮ್ಮ ಮಾತು ಓದಿ ಎರಡು ದಿನ ಯೋಚನೆ ಮಾಡಿದೆ. ಗರ್ಭಿಣಿಯ ತಾಯಿ ಕಾರ್ಡ್ ಇದ್ದ ಹಾಗೆ ಹಿರಿಯರಿಗೂ ಒಂದು ಕಾರ್ಡ್ ಯಾಕೆ ಇರಬಾರದು? ತೂಕ, ನಡಿಗೆಯ ಸೆಕೆಂಡ್, ಬಿದ್ದದ್ದು, ಮಾತ್ರೆ, ಹಲ್ಲು, ಕಣ್ಣು, ಕಿವಿ, ಮನಸ್ಸು. ಆರು ತಿಂಗಳಿಗೊಮ್ಮೆ ಬರೆದರೆ ಇಳಿಯುವುದು ಕಣ್ಣಿಗೆ ಕಾಣುತ್ತದೆ. ಅಂಕ ಕೊಡುವುದೇ ಬೇಡ. ರಾಣೆಬೆನ್ನೂರಿನ ಅಣ್ಣನವರ ಭಯಕ್ಕೂ ಇದು ಉತ್ತರ ಅನಿಸುತ್ತದೆ, ಯಾಕೆಂದರೆ ಅಲ್ಲಿ ಅವ್ವನನ್ನು ಬೇರೆಯವರ ಜೊತೆ ಹೋಲಿಸುವುದಿಲ್ಲ, ಹೋದ ವರ್ಷದ ಅವ್ವನ ಜೊತೆ ಹೋಲಿಸುತ್ತೇವೆ.

ಸಪ್ತಾಪುರದ ಮಾಸ್ತರ

ಇಷ್ಟು ಹೊತ್ತು ನಮ್ಮ ಬಗ್ಗೆ ನೀವು ಮಾತಾಡಿದಿರಿ, ಈಗ ನಾನು ಮಾತಾಡುತ್ತೇನೆ. ನನಗೆ 72. ಹೆಂಡತಿ ತೀರಿಕೊಂಡು ಆರು ವರ್ಷ ಆಯಿತು, ಮಗ ಪುಣೆಯಲ್ಲಿದ್ದಾನೆ.

ನಿತ್ರಾಣ ಕಾಲಿನಿಂದಲೇ ಶುರು ಆಗುತ್ತದೆ ಅಂತಿಲ್ಲ. ನನಗೆ ಶುರು ಆದದ್ದು ಒಬ್ಬನೇ ಉಣ್ಣುವುದರಿಂದ. ಒಬ್ಬನಿಗಾಗಿ ಯಾರು ಒಲೆ ಹಚ್ಚುತ್ತಾರೆ? ಬೆಳಿಗ್ಗೆ ಮಾಡಿದ ಉಪ್ಪಿಟ್ಟನ್ನೇ ರಾತ್ರಿ ಉಣ್ಣುತ್ತಿದ್ದೆ. ಹೊರಗೆ ಹೋಗಲು ಕಾರಣ ಇರಲಿಲ್ಲ, ಹೋಗದೆ ಇದ್ದದ್ದಕ್ಕೆ ಕಾಲು ಸೋತವು, ಕಾಲು ಸೋತದ್ದಕ್ಕೆ ಹೋಗಲು ಆಗಲಿಲ್ಲ. ಒಂದು ಚಳಿಗಾಲ ಪೂರ್ತಿ ಹೀಗೇ ಕಳೆಯಿತು.

ಜಪಾನಿನವರು ಇದನ್ನು ಬಹಳ ಚೆನ್ನಾಗಿ ಹಿಡಿದಿದ್ದಾರೆ. ಅಲ್ಲಿ 2000ದಿಂದ ವೃದ್ಧರ ಆರೈಕೆಗೆ ಬೇರೆಯೇ ವಿಮೆ ಇದೆ, 40 ದಾಟಿದವರೆಲ್ಲ ಕಂತು ಕಟ್ಟುತ್ತಾರೆ. 2020ರಿಂದ 75 ದಾಟಿದವರ ಆರೋಗ್ಯ ತಪಾಸಣೆಯಲ್ಲಿ 15 ಪ್ರಶ್ನೆ ಕೇಳುತ್ತಾರೆ. ದಿನಕ್ಕೆ ಮೂರು ಹೊತ್ತು ಸರಿಯಾಗಿ ಉಣ್ಣುತ್ತೀರಾ? ಆರು ತಿಂಗಳ ಹಿಂದಕ್ಕಿಂತ ಗಟ್ಟಿ ಪದಾರ್ಥ ತಿನ್ನಲು ಕಷ್ಟ ಆಗಿದೆಯಾ? ವಾರಕ್ಕೆ ಒಮ್ಮೆಯಾದರೂ ಹೊರಗೆ ಹೋಗುತ್ತೀರಾ? ಮನೆಯವರ, ಗೆಳೆಯರ ಜೊತೆ ಒಡನಾಟ ಇದೆಯಾ? ನೋಡಿ, ಗೆಳೆತನವೂ ಆರೋಗ್ಯ ತಪಾಸಣೆಯಲ್ಲಿ ಬಂತು. ಬ್ಯಾಡಗಿಯ ತಮ್ಮ ಹೇಳಿದ ಕಟಕ್ ರೊಟ್ಟಿಯೂ ಬಂತು.

ಅಲ್ಲಿಯ ಕೋಚಿ ಅನ್ನುವ ಊರಿನಲ್ಲಿ 2002ರಲ್ಲಿ ಒಂದು ವ್ಯಾಯಾಮ ಶುರು ಮಾಡಿದರು. ಕೈಕಾಲಿಗೆ ಸಣ್ಣ ತೂಕ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತು ನಿಧಾನವಾಗಿ ಎತ್ತಿ ಇಳಿಸುವುದು. ಓಣಿಯ ಹಿರಿಯರೇ ತಮ್ಮ ಓಣಿಯ ಸಭಾಂಗಣದಲ್ಲಿ ಸೇರಿ ಮಾಡುತ್ತಾರೆ. ಅದು ಬೇರೆ ಊರುಗಳಿಗೂ ಹಬ್ಬಿತು.

ನಮ್ಮಲ್ಲಿ ಸಭಾಂಗಣಕ್ಕೆ ಏನು ಕೊರತೆ? ಪ್ರತಿ ಓಣಿಗೆ ಒಂದು ಗುಡಿ, ಮಠ, ಸಮುದಾಯ ಭವನ ಇದೆ. ಭಜನೆಗೆ ಹೇಗೂ ಸೇರುತ್ತೇವೆ. ಭಜನೆಗೆ ಮುಂಚೆ ಅರ್ಧ ಗಂಟೆ ಕುರ್ಚಿಯಿಂದ ಎದ್ದು ಕೂರುವುದು, ಹಿಮ್ಮಡಿ ಎತ್ತುವುದು, ಮರಳು ತುಂಬಿದ ಸಣ್ಣ ಚೀಲ ಕಾಲಿಗೆ ಕಟ್ಟಿ ಎತ್ತುವುದು. ಮುಗಿದ ಮೇಲೆ ಉಸುಳಿ ಹಂಚಿದರೆ ಕಾಳು ಹೊಟ್ಟೆಗೆ ಬಿತ್ತು. ಮೊದಲ ತಿಂಗಳು ಫಿಸಿಯೋ ಬಂದು ಕಲಿಸಲಿ, ಯಾರಿಗೆ ಎದೆನೋವು ಇದೆ, ಯಾರು ಯಾವುದು ಮಾಡಬಾರದು ಅಂತ ನೋಡಲಿ. ಆಮೇಲೆ ನಾವೇ ನಡೆಸುತ್ತೇವೆ.

ಊರಿನ ರಸ್ತೆಯೂ ಆರೋಗ್ಯ ನೀತಿಯೇ. ನಮ್ಮ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ನೆಲ ನಿಲ್ದಾಣದ ಕಟ್ಟೆಗೆ ಸಮ ಇದೆ, ಮೆಟ್ಟಿಲು ಹತ್ತುವುದಿಲ್ಲ. ಅದಕ್ಕೇ ನಾನು ಇನ್ನೂ ಹುಬ್ಬಳ್ಳಿಗೆ ಹೋಗಿ ಗೆಳೆಯನ ಮನೆಯಲ್ಲಿ ಚಹಾ ಕುಡಿದು ಬರುತ್ತೇನೆ. ಮೆಟ್ಟಿಲು ಎತ್ತರ ಇರುವ ಬಸ್ಸಿಗೆ ಕಾದು ವಾಪಸ್ ಬಂದದ್ದೂ ಇದೆ.

ರಾಣೆಬೆನ್ನೂರು ಓದುಗ

ಮಾಸ್ತರೇ, ನಮಸ್ಕಾರ. ತಾಯಿ ಕಾರ್ಡಿನ ಹಾಗೆ ಅಂದರೆ ನನ್ನ ತಕರಾರು ಇಲ್ಲ. ಒಂದು ಸೇರಿಸಿ. ತೂಕ ಇಳಿದರೆ ಸುಮ್ನೆ ವಯಸ್ಸು ಅಂತ ಬಿಡಬಾರದು, ನಿತ್ರಾಣ ಅಂತ ಹೆಸರು ಕೊಟ್ಟೂ ಬಿಡಬಾರದು. ಕ್ಷಯ, ಥೈರಾಯ್ಡ್, ಶುಗರ್, ಗಡ್ಡೆ, ಮನಸ್ಸಿನ ಬೇಸರ, ಏನು ಬೇಕಾದರೂ ಇರಬಹುದು. ನಮ್ಮ ಚಿಕ್ಕಪ್ಪನನ್ನು ಹಾಗೇ ಕಳೆದುಕೊಂಡೆವು, ಗೊತ್ತಾಗುವ ಹೊತ್ತಿಗೆ ತಡ ಆಗಿತ್ತು.

ಕೇಶ್ವಾಪುರದ ಮಗಳು

ಅಣ್ಣಾ, ಸೇರಿಸುತ್ತೇನೆ. ಕೇಳಿ ದುಃಖ ಆಯಿತು.

ನಾವು ಹತ್ತು ಜನ ಸೇರಿ ಜಿಲ್ಲಾ ಆರೋಗ್ಯಾಧಿಕಾರಿಗೆ ಒಂದು ಮನವಿ ಬರೆಯೋಣ. ಹೊಸ ಕಟ್ಟಡ ಕೇಳುವುದು ಬೇಡ, ಇನ್ನೊಂದು 10 ಹಾಸಿಗೆಯೂ ಬೇಡ. ಕಾಗದದ ಮೇಲೆ ಇರುವ ವಾರದ ಕ್ಲಿನಿಕ್ ಯಾವ ಪಿಎಚ್‌ಸಿಯಲ್ಲಿ ಯಾವ ದಿನ ಅಂತ ಬಾಗಿಲಿಗೆ ಬೋರ್ಡ್ ಹಾಕಲಿ. ಆ ದಿನ ವರಾಂಡದ ನೆಲದ ಮೇಲೆ ಬಣ್ಣದಲ್ಲಿ 4 ಮೀಟರ್ ಗೆರೆ ಇರಲಿ, ಹಿರಿಯರು ಡಾಕ್ಟರ ಸ್ಟೂಲಿನ ತನಕ ಆ ಗೆರೆ ಮೇಲೆ ನಡೆದೇ ಬರಲಿ. ಫಿಸಿಯೋ ತಿಂಗಳಿಗೆ ಎರಡು ಸಲವಾದರೂ ಬರಲಿ. ಆಶಾ ಅಕ್ಕ ಟಿಕ್ ಹಾಕಿದ ಮನೆಗೆ ಹದಿನೈದು ದಿನದೊಳಗೆ ಸಮುದಾಯ ಆರೋಗ್ಯ ಅಧಿಕಾರಿ ಹೋಗಿ ಬರಲಿ, ಆಶಾಗೆ ಆ ಕೆಲಸದ ದುಡ್ಡು ಬೇರೆ ಕೊಡಲಿ.

ಅವ್ವ ಈಗ ವಾಕರ್ ಹಿಡಿದು ಪಡಸಾಲೆ ತನಕ ಬರುತ್ತಾಳೆ. ನಿನ್ನೆ ಪಡಸಾಲೆಯ ಫರಸಿ ಮೇಲೆ ಸುಣ್ಣದಿಂದ ಗೆರೆ ಎಳೆದೆ. 4 ಮೀಟರಿಗೆ 19 ಸೆಕೆಂಡ್. ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ.

ಬೆಟಗೇರಿ ಆಶಾ

ಮನವಿಗೆ ನನ್ನ ಸಹಿ ಇದೆ ಅಕ್ಕಾ. ಕನ್ನಡದಲ್ಲೇ ಬರೆಯಿರಿ, ನಮ್ಮ ಕಡೆಯ ಇನ್ನೂ ಆರು ಆಶಾಗಳಿಗೆ ಓದಿ ಹೇಳುತ್ತೇನೆ. ಅವ್ವನ ಬಚ್ಚಲಿಗೆ ಹಿಡಿಕೆ ಹಾಕಿಸಿದಿರಾ? ಹೊಸ್ತಿಲ ಹತ್ತಿರ ರಾತ್ರಿ ಉರಿಯುವ ಸಣ್ಣ ಬಲ್ಬು?

ಕೇಶ್ವಾಪುರದ ಮಗಳು

ಬಲ್ಬು ಹಾಕಿದೆ. ಹಿಡಿಕೆಗೆ ನಾಳೆ ಮಿಸ್ತ್ರಿ ಬರುತ್ತಾನೆ.